ಅತ್ತಿಗೆಯ ಹೆಸರಿನಲ್ಲಿ ಹೋದ ತಂತಿ

ಮೊನ್ನೆ ನಮ್ಮೂರು ಚಿತ್ತಾಕುಲಕ್ಕೆ ಹೋದಾಗ ನನ್ನ ಅಣ್ಣನ ಮಗ ವಿಠ್ಠಲ ದಂಡೆಯ ಮೇಲೆ ಹೊಸ ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದ. ತಾರ್ಲೆ ಮೀನಿನ ಎಣ್ಣೆ. ಅದರ ನಾತಕ್ಕೆ ಹೊರಗಿನವರು ಮೂಗು ಮುಚ್ಚಿಕೊಂಡು ಓಡುತ್ತಾರೆ. ನಾನು ಅದರಲ್ಲೇ ಹುಟ್ಟಿ ಬೆಳೆದವನು, ನನಗೆ ಹಸಿವಾಗುತ್ತದೆ. ದೋಣಿ ನೀರಿಗಿಳಿಯಲು ಇನ್ನೆರಡು ದಿನವಿತ್ತು. ಮೂತಿಯ ಮೇಲೆ ಹೆಸರು ಬರೆಯುವುದೊಂದು ಬಾಕಿ. ವಿಠ್ಠಲ ಬಿಳಿ ಬಣ್ಣದ ಡಬ್ಬಿ, ಕುಂಚ ತಂದು ನನ್ನ ಕೈಗೆ ಕೊಟ್ಟು, "ಕಾಕಾ, ನಿಮ್ಮ ಅಕ್ಷರ ಚಲೋ ಅದೆ, ನೀವೇ ಬರೀರಿ" ಎಂದ. ಜೀವಮಾನವಿಡೀ ಮಾಸ್ತರಿಕೆ ಮಾಡಿದವನಿಗೆ ಅಷ್ಟು ಹೇಳಿದರೆ ಸಾಕು. ಕನ್ನಡಕ ಸರಿಮಾಡಿಕೊಂಡು ಕುಂಚ ಅದ್ದಿದೆ.

ದೋಣಿಯ ನೆರಳಿನಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದ ಗಿರಿಜಾ ಅತ್ತಿಗೆ, ವಿಠ್ಠಲನ ತಾಯಿ, ತಲೆ ಎತ್ತದೆ ಹೇಳಿದಳು: "ಅವ್ರು ಬರ್ಯೂದು ಬ್ಯಾಡಾ."

ನನ್ನ ಕೈ ಅಲ್ಲೇ ನಿಂತಿತು. ವಿಠ್ಠಲ ಒಮ್ಮೆ ತಾಯಿಯ ಮುಖ, ಒಮ್ಮೆ ನನ್ನ ಮುಖ ನೋಡಿದ. ಮೂವತ್ತು ವರ್ಷದ ಮೇಲಾಯಿತು, ಅವಳ ಸಲುವಾಗಿ ನಾನು ಒಂದಕ್ಷರ ಬರೆದಿಲ್ಲ. ಅವಳು ಬರೆಸಿಲ್ಲ. ಯಾಕೆ ಎಂದು ಹೇಳಬೇಕಾದರೆ ನಾನು ಜರ್ಮನಿ, ರಶಿಯಾ, ಪೋಲೆಂಡಿನಿಂದ ಶುರು ಮಾಡಬೇಕು, ನನಗೆ ಸಿಟ್ಟು ಬರುವುದೇ ಇದಕ್ಕೆ. ಚಿತ್ತಾಕುಲದ ಒಂದು ಮನೆಯ ಮಾತು ಹೇಳಲು ಭೂಪಟ ಯಾಕೆ ಬೇಕು? ಆದರೆ ಬೇಕು. ಆ ವರ್ಷದ ಮಳೆಗಾಲ ಹಾಗಿತ್ತು.

ಅದು ಅಧಿಕ ಶ್ರಾವಣ ಬಂದ ವರ್ಷ. ಎರಡೆರಡು ಶ್ರಾವಣ, ಮುಗಿಯದ ಮಳೆ. ನನಗೆ ಆಗ ಇಪ್ಪತ್ತೆರಡು. ಅಂಕೋಲೆ ತಾಲೂಕಿನ ಅವರ್ಸಾದ ಕನ್ನಡ ಶಾಲೆಯಲ್ಲಿ ಮಾಸ್ತರ. ನಮ್ಮ ಕುಟುಂಬದಲ್ಲಿ ಬಲೆ ಬಿಟ್ಟು ಪುಸ್ತಕ ಹಿಡಿದವನು ನಾನೊಬ್ಬನೇ. ತಲೆ ಸ್ವಲ್ಪ ಮೇಲೇ ಇತ್ತು, ಸುಳ್ಳು ಯಾಕೆ ಹೇಳಲಿ. ಹುಬ್ಬಳ್ಳಿಯಿಂದ ಘಟ್ಟ ಇಳಿದು ಎರಡು ದಿನ ತಡವಾಗಿ ಬರುವ ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಜಾಹೀರಾತಿನವರೆಗೆ ಓದುತ್ತಿದ್ದೆ. ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಸ್ವಭಾವವಲ್ಲ. ಏಳನೇ ಇಯತ್ತೆಯ ಹಿಂದಿನ ಗೋಡೆಯಲ್ಲಿ ಒಂದು ಕರಿಹಲಗೆ ಬೇಡವಾಗಿ ಬಿದ್ದಿತ್ತು. ಅದರ ಮೇಲೆ ದೇಶಕ್ಕೊಂದು ಸುತ್ತು ಹಾಕಿ, ಸ್ನೇಹವಿದ್ದಲ್ಲಿ ಒಂದು ಗೆರೆ, ವೈರವಿದ್ದಲ್ಲಿ ಎರಡು ಗೆರೆ ಎಳೆದಿದ್ದೆ. ಇಂಗ್ಲೆಂಡು ಫ್ರಾನ್ಸಿಗೆ ಸ್ನೇಹ. ಜರ್ಮನಿ ಇಟಲಿಗೆ ಸ್ನೇಹ. ಪೋಲೆಂಡಿನ ಮೈಮುಟ್ಟಿದರೆ ನಾವು ಬರುತ್ತೇವೆ ಎಂದು ಇಂಗ್ಲೆಂಡು ಮಾತು ಕೊಟ್ಟಿತ್ತು. ರಶಿಯಾ ಯಾರ ಕಡೆ ಎಂಬುದು ಆ ಬೇಸಿಗೆಯಿಡೀ ತೀರ್ಮಾನವಾಗಿರಲಿಲ್ಲ. ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ.

ಈ ಹಲಗೆಯನ್ನು ನೋಡಲು ಗದ್ದೆಯಿಂದ ಬರುವವರು ಮಳೆಗೆ ಹೊದೆಯುವ ಗೊರಬು ಹೊತ್ತುಕೊಂಡೇ ಬಾಗಿಲಲ್ಲಿ ನಿಲ್ಲುತ್ತಿದ್ದರು. ವಾರಕ್ಕೊಮ್ಮೆ ಅಳಿಸುವುದು, ವಾರಕ್ಕೊಮ್ಮೆ ಬರೆಯುವುದು. ನಮ್ಮ ಹೆಡ್‌ಮಾಸ್ತರರು, "ನಾರಾಯಣ ಮಾಸ್ತರೆ, ಮಕ್ಕಳಿಗೆ ಗಣಿತ ಹೇಳುವುದಕ್ಕೆ ಒಂದು ತುಂಡು ಸೀಮೆಸುಣ್ಣವನ್ನಾದರೂ ಉಳಿಸಿ" ಎಂದು ಚುಚ್ಚಿದ್ದರು. ಅದು ನನಗೆ ಹೊಗಳಿಕೆಯ ಹಾಗೆ ಕೇಳಿಸಿತ್ತು.

ಬರೀ ಓದಿನ ಚಟವೂ ಅಲ್ಲ ಅದು. ನನ್ನ ಅಣ್ಣ ಪಾಂಡು ಮುಂಬಯಿಯಲ್ಲಿ ಹಡಗಿನ ಖಲಾಸಿ. ಎರಡು ವರ್ಷದಿಂದ ಜರ್ಮನಿಯವರ ಸರಕು ಹಡಗಿನಲ್ಲಿದ್ದ. ಹಡಗಿನ ಹೆಸರು ನನಗೆ ಬಾಯಿಪಾಠವಿದೆ, ಇಲ್ಲಿ ಬರೆಯುವುದಿಲ್ಲ. ಆ ವರ್ಷ ಹೋಳಿ ಹಬ್ಬಕ್ಕೆ ಊರಿಗೆ ಬಂದು ಹೋಗಿದ್ದ; ಮಳೆಗಾಲದ ಹೊತ್ತಿಗೆ ಅತ್ತಿಗೆ ಬಸುರಿ. ಮದುವೆಯಾಗಿ ನಾಲ್ಕು ವರ್ಷದ ಮೇಲೆ ನಿಂತ ಮೊದಲ ಬಸಿರು. ಅವಳಿಗೆ ಗಂಡ ಮನೆಗೆ ಬರಬೇಕಿತ್ತು. ಅವಳ ಆಸೆ ಅಷ್ಟೇ. ಹಾಗಾಗಿ ಜರ್ಮನಿ ಯಾರ ಮಿತ್ರ, ಯಾರ ಶತ್ರು ಎಂಬುದು ನಮ್ಮ ಮನೆಯಲ್ಲಿ ಅಕ್ಕಿ ಉಪ್ಪಿನಷ್ಟೇ ಸ್ವಂತದ ಮಾತಾಗಿತ್ತು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಮೋಟಾರು ಹಿಡಿದು ಕಾರವಾರ, ಅಲ್ಲಿಂದ ಕೋಡಿಬಾಗಕ್ಕೆ ನಡೆದು, ತರಿಯ ದೋಣಿಯಲ್ಲಿ ಕಾಳಿ ಹೊಳೆ ದಾಟಿ ಊರು ಸೇರುತ್ತಿದ್ದೆ. ಜಗಲಿಯಲ್ಲಿ ನಮ್ಮನ್ನು ಹೆತ್ತ ಆಯಿ, ಅತ್ತಿಗೆ, ಆಯಿಯ ತಮ್ಮ ಸೋಮು ಮಾವ ಕಾದಿರುತ್ತಿದ್ದರು. ಒಂದು ಸಲ ಇದ್ದಲಿನಿಂದ ನೆಲದ ಮೇಲೆ ನನ್ನ ಸುತ್ತುಗಳನ್ನೆಲ್ಲ ಬರೆದು ತೋರಿಸಿದೆ. ಸೋಮು ಮಾವ ಬಹಳ ಹೊತ್ತು ನೋಡಿ, "ಗೋವೆಯ ಪೋರ್ತುಗೀಸರು ಯಾರ ಬದಿ?" ಎಂದು ಕೇಳಿದ.

"ಅವರು ಲೆಕ್ಕಕ್ಕಿಲ್ಲ ಮಾವ" ಎಂದೆ.

"ಇಲ್ಲೇ ಮಗ್ಗಲಲ್ಲಿ ಅವ್ರೆ, ಲೆಕ್ಕಕ್ಕೆ ಹ್ಯಾಂಗೆ ಇಲ್ಲ?" ಎಂದ. ನಾನು ನಕ್ಕು ಮುಂದಕ್ಕೆ ಹೋದೆ.

ಅದೇ ದಿನಗಳಲ್ಲಿ ನಮ್ಮ ದಂಡೆಯಲ್ಲಿ ಒಂದು ದೊಡ್ಡ ಸಂಗತಿ ನಡೆಯಿತು. ನಮ್ಮಲ್ಲಿ ಆಗ ರಂಪಣಿ ಬಲೆ. ಮನೆಮನೆಯವರು ತಂದ ಬಲೆಯ ತುಂಡುಗಳನ್ನು ಸೇರಿಸಿ ಕಟ್ಟಿ ಒಂದೇ ಬಲೆ ಮಾಡುವುದು, ದೋಣಿಯಲ್ಲಿ ಒಯ್ದು ಕಡಲಿಗೆ ಸುತ್ತು ಬಿಡುವುದು, ದಂಡೆಯಿಂದ ಎರಡೂ ತುದಿಯ ಹಗ್ಗವನ್ನು ಜನ ಎಳೆಯುವುದು. ಅದಕ್ಕೆ ಒಬ್ಬ ತಾಂಡೇಲ, ಅಂದರೆ ಯಜಮಾನ. ನಮ್ಮ ದಂಡೆಯಲ್ಲಿ ಬಡಗಿನ ಕಡೆ ದೇವಪ್ಪ ತಾಂಡೇಲನ ದೊಡ್ಡ ರಂಪಣಿ, ತೆಂಕಿಗೆ ಹೊಳೆಬಾಯಿಯ ಕಡೆ ರಾಮಾ ತಾಂಡೇಲನ ದೊಡ್ಡ ರಂಪಣಿ. ಇಬ್ಬರಿಗೂ ಹತ್ತು ವರ್ಷದಿಂದ ಮಾತಿಲ್ಲ, ಒಬ್ಬರ ಮನೆಯ ಬಾವಿಯ ನೀರು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಅವರ ನಡುವಿನ ತುಂಡು ದಂಡೆಯಲ್ಲಿ ಸೋಮು ಮಾವನದೂ ನಮ್ಮದೂ ಸೇರಿ ಹದಿನೈದು ಮನೆಯ ಚಿಕ್ಕ ಬಲೆ. ಆ ಜಾಗ ಇವನಿಗೆ ಹೋಗಬಾರದು ಎಂದು ಅವನು, ಅವನಿಗೆ ಹೋಗಬಾರದು ಎಂದು ಇವನು, ಹೀಗೆ ನಮ್ಮನ್ನು ಅಲ್ಲಿ ಬಿಟ್ಟಿದ್ದರು.

ಆ ಎರಡನೇ ಶ್ರಾವಣದಲ್ಲಿ ಇಬ್ಬರೂ ತಾಂಡೇಲರು ರಾಜಿಯಾದರು. ನಮ್ಮಲ್ಲಿ ರಾಜಿ ಎಂದರೆ ಒಂದು ಕ್ರಮವಿದೆ: ಇಬ್ಬರೂ ಒಂದೇ ತೆಂಗಿನಕಾಯಿಯ ಮೇಲೆ ಕೈಯಿಟ್ಟು, ದಂಡೆಗೆ ಎಳೆದಿಟ್ಟ ದೋಣಿಯ ಮೂತಿಗೆ ಅದನ್ನು ಒಡೆದು, ಹೋಳು ಒಬ್ಬರಿಗೊಬ್ಬರು ಕೊಟ್ಟು ತಿನ್ನಬೇಕು. ಸುತ್ತ ನಿಂತವರಿಗೆಲ್ಲ ಅವಲಕ್ಕಿ ಬೆಲ್ಲ. ಊರಿಗೆ ಊರೇ ಖುಷಿಪಟ್ಟಿತು. ನಾನೂ ಅವಲಕ್ಕಿ ತಿಂದೆ. ಮನೆಗೆ ಬಂದು ಹೇಳಿದರೆ ಆಯಿಯ ಮುಖದಲ್ಲಿ ನಗು ಕಾಣಲಿಲ್ಲ.

"ಎಂತಾ ಆಯ್ತು ನಿಂಗೆ? ಜಗಳ ಹೋಯ್ತಲ್ಲ" ಎಂದೆ.

"ಕೋಣ ಎರಡು ಹೋರಾಡಿದ್ರೆ ಗಿಡ ಸಾಯ್ತದೆ ಅಂತಾರೆ ನಾರಣಾ" ಎಂದಳು ಆಯಿ. "ಹೋರಾಡೂದು ಬಿಟ್ರೆ ಮೇಯೂಕೆ ಶುರು ಮಾಡ್ತವೆ. ಗಿಡಕ್ಕೆ ಎರಡೂ ಒಂದೇಯಾ."

ಮುದುಕಿಯ ಸಂಶಯ ಎಂದುಕೊಂಡೆ.

ಮುಂದಿನ ಶನಿವಾರ ನಾನು ಮನೆಗೆ ಹೋಗುವಷ್ಟರಲ್ಲಿ ಅಣ್ಣನ ಕಾಗದ ಬಂದಿತ್ತು. ಯಾರೋ ಜೊತೆಗಾರನ ಕೈಯಲ್ಲಿ ಬರೆಸಿದ್ದು. ನಾನೇ ಜಗಲಿಯಲ್ಲಿ ಓದಿದೆ. ಹಡಗು ಮುಂಬಯಿಯಲ್ಲಿ ನಿಂತಿದೆ, ಯಾವ ಹೊತ್ತಿಗೂ ಹೊರಡಬಹುದು. ಎಲ್ಲರ ಬಾಯಲ್ಲೂ ಯುದ್ಧದ ಮಾತು. ಇಳಿಯುವವರು ಈಗಲೇ ಇಳಿಯಿರಿ ಎಂದು ಖಲಾಸಿಗಳ ಮುಖ್ಯಸ್ಥ ಸಾರಂಗ ಹೇಳಿದ್ದಾನೆ. ಆದರೆ ಕರಾರು ಮುಗಿಯದೆ ಇಳಿದರೆ ಪುಸ್ತಕದಲ್ಲಿ ಕೆಟ್ಟ ಶರಾ ಬೀಳುತ್ತದೆ, ಮುಂದೆ ಯಾವ ಹಡಗೂ ಸಿಗಲಿಕ್ಕಿಲ್ಲ. ಕೊನೆಗೆ ಇಷ್ಟಿತ್ತು: "ನನಗೆ ತಲೆ ಓಡುವುದಿಲ್ಲ. ಗಿರಿಜಾ ಏನು ಹೇಳುತ್ತಾಳೋ ಹಾಗೆ. ಅವಳು ಬಾ ಎಂದರೆ ಇಳಿದು ಬರುತ್ತೇನೆ. ಮುಂಬಯಿಯ ಮಝಗಾಂವಿನಲ್ಲಿರುವ ನಮ್ಮ ಖೋಲಿಗೆ ತಾರು ಕೊಡಿ."

ಅತ್ತಿಗೆ ಒಲೆಯ ಮುಂದಿನಿಂದ ಎದ್ದು ಬಂದಳು, ಕೈಯೆಲ್ಲ ಮಸಿ. "ತಮ್ಮಾ, ಬಾ ಅಂತ ಬರಿ. ಮತ್ತೆಂತದೂ ಬ್ಯಾಡಾ."

"ಪುಸ್ತಕದಲ್ಲಿ ಶರಾ ಬಿದ್ರೆ?"

"ಬೀಳ್ಲಿ. ಸೋಮು ಮಾವನ ಬಲೆ ಅದೆ, ಎಳೂಕೆ ಕೈ ಅದೆ. ನೀ ಬಾ ಅಂತ ಕಳ್ಸು."

"ಆಯ್ತು" ಎಂದೆ. ಸೋಮವಾರ ಶಾಲೆಗೆ ಹೋಗುವಾಗ ಕಾರವಾರದಲ್ಲಿ ತಂತಿ ಕೊಡುತ್ತೇನೆ ಎಂದು ಮಾತು ಕೊಟ್ಟೆ.

ಆ ಮಾತು ಹಾಗೆಯೇ ಉಳಿಯುತ್ತಿತ್ತೋ ಏನೋ. ಆದರೆ ನನ್ನ ಕೈಚೀಲದಲ್ಲಿ ಶನಿವಾರ ಕಾರವಾರದಲ್ಲಿ ಕೊಂಡ ಪತ್ರಿಕೆ ಇತ್ತು. ಊಟವಾದ ಮೇಲೆ ಬಿಚ್ಚಿದರೆ ಮೊದಲ ಪುಟದಲ್ಲೇ ದೊಡ್ಡ ಅಕ್ಷರ: ಜರ್ಮನಿ ಮತ್ತು ರಶಿಯಾ ಒಬ್ಬರ ಮೇಲೊಬ್ಬರು ಕೈ ಎತ್ತುವುದಿಲ್ಲವೆಂದು ಒಪ್ಪಂದ ಮಾಡಿಕೊಂಡಿವೆ. ನಾನು ಕೂತಲ್ಲಿಂದ ಎದ್ದೇಬಿಟ್ಟೆ. ಯುರೋಪಿನಲ್ಲಿ ಅವರಷ್ಟು ಕಡು ವೈರಿಗಳೇ ಇರಲಿಲ್ಲ, ನನ್ನ ಹಲಗೆಯ ಮೇಲೆ ಅವರ ನಡುವೆ ಎರಡಲ್ಲ, ಮೂರು ಗೆರೆ ಎಳೆಯಬೇಕಿತ್ತು. ಅವರೇ ರಾಜಿಯಾದ ಮೇಲೆ ಇನ್ನೆಲ್ಲಿಯ ಯುದ್ಧ? ರಶಿಯಾದ ಬೆಂಬಲವಿಲ್ಲದೆ ಇಂಗ್ಲೆಂಡು ಇಳಿಯುವುದಿಲ್ಲ. ಇಂಗ್ಲೆಂಡು ಇಳಿಯದಿದ್ದರೆ ಫ್ರಾನ್ಸು ಇಳಿಯುವುದಿಲ್ಲ. ಹಿಂದಿನ ವರ್ಷವೂ ಹೀಗೇ ಯುದ್ಧ ಯುದ್ಧ ಎಂದು ಕೊನೆಗೆ ಎಲ್ಲರೂ ಕೂತು ಸಹಿ ಹಾಕಿ ಎದ್ದಿದ್ದರು. ಗಣಿತದ ಹಾಗೆ ಬಂತು ಉತ್ತರ.

ಆಯಿ ಬಚ್ಚಲ ಕಟ್ಟೆಯ ಮೇಲೆ ಮೀನು ಹಸನು ಮಾಡುತ್ತಿದ್ದಳು. ಓದಿ ಹೇಳಿದೆ. ಅವಳು ಕತ್ತಿ ನಿಲ್ಲಿಸದೆ ಒಂದೇ ಮಾತು ಕೇಳಿದಳು: "ಮತ್ತೆ ಯಾರ ಜಾಗ ಹೋಯ್ತು?"

"ಯಾರದೂ ಹೋಗಿಲ್ಲ ಆಯಿ, ರಾಜಿ ಆಗಿದ್ದು."

"ಹ್ಞೂಂ" ಎಂದಳು.

ನಾನು ನಕ್ಕೆ. ಈಗಲೂ ಆ ನಗು ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬರುತ್ತದೆ. ಪತ್ರಿಕೆ ಬರೆಯುವವರಿಗೆ ಹೊಳೆಯದ ಪ್ರಶ್ನೆಯನ್ನು ಮೀನು ಕೊಯ್ಯುವ ಹೆಂಗಸು ಕೇಳಿದ್ದಳು. ಮಾಸ್ತರನಾದ ಮಗ ಹಲ್ಲು ಕಿರಿದ.

ಸೋಮವಾರ ಬೆಳಿಗ್ಗೆ ಸಣ್ಣ ಮಳೆ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು, ತರಿಯ ದೋಣಿ ಓರೆಯಾಗಿ ತೇಲುತ್ತ ದಾಟಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಆ ಹೊತ್ತಿನಲ್ಲೇ ನನ್ನ ತಲೆ ಕೆಟ್ಟದ್ದು. ನಮ್ಮ ದಡದ ಸದಾಶಿವಗಡದಲ್ಲಿ ದೋಣಿ ಹತ್ತಿದಾಗ ಅತ್ತಿಗೆಯ ಮಾತು ನನ್ನ ಹತ್ತಿರ ಇತ್ತು. ಕೋಡಿಬಾಗದಲ್ಲಿ ಇಳಿಯುವಾಗ ನನ್ನದೇ ಮಾತು ಮಾತ್ರ ಉಳಿದಿತ್ತು. ಹೆದರಿದ ಬಸುರಿ ಏನೋ ಹೇಳುತ್ತಾಳೆ. ಅಣ್ಣನ ಪುಸ್ತಕ ಹಾಳಾದರೆ ನಾಳೆ ಅವಳೇ ಅಳುತ್ತಾಳೆ. ತಿಳಿದವನು ನಾನು, ನಾನು ಸರಿಪಡಿಸಬೇಕು. ತಂತಿ ಆಫೀಸಿನಲ್ಲಿ ಫಾರ್ಮು ತೆಗೆದುಕೊಂಡು ಇಂಗ್ಲಿಷಿನಲ್ಲಿ ಬರೆದೆ: ಬರಬೇಡ, ಯುದ್ಧವಿಲ್ಲ, ಹಡಗಿನಲ್ಲೇ ಇರು. ಕೆಳಗೆ ಕಳಿಸುವವರ ಹೆಸರು. ನನ್ನ ಹೆಸರು ಬರೆದರೆ ಅಣ್ಣ ಕೇಳಲಿಕ್ಕಿಲ್ಲ, ಅವನು ಕೇಳಿದ್ದು ಹೆಂಡತಿಯ ಮಾತು. "ಗಿರಿಜಾ" ಎಂದು ಬರೆದೆ. ಅಕ್ಷರ ಚಲೋ ಬಂದಿತ್ತು.

ಮರುದಿನ ನೂಲ ಹುಣ್ಣಿಮೆ. ಚಿತ್ತಾಕುಲದ ದಂಡೆಯಲ್ಲಿ ಎಲ್ಲರೂ ಕಡಲಿಗೆ ಕಾಯಿ ಬಿಟ್ಟರು. ಅತ್ತಿಗೆ ಗಂಡನ ಹೆಸರಿನಲ್ಲಿ ಒಂದು ಬಿಟ್ಟಳಂತೆ, ಬರುವವನಿಗೆ ದಾರಿ ಬಿಡು ಎಂದು.

ಅದೇ ಶುಕ್ರವಾರ ಜರ್ಮನಿ ಪೋಲೆಂಡಿನ ಮೇಲೆ ಬಿತ್ತು. ಕೊಟ್ಟ ಮಾತಿಗೆ ಇಂಗ್ಲೆಂಡು ಇಳಿಯಿತು, ಇಂಗ್ಲೆಂಡಿಗಾಗಿ ಫ್ರಾನ್ಸು ಇಳಿಯಿತು, ನಮ್ಮನ್ನು ಒಂದು ಮಾತೂ ಕೇಳದೆ ನಮ್ಮ ದೇಶವನ್ನೂ ಇಳಿಸಿದರು. ಒಬ್ಬರೂ ಜಗಳ ಬೇಕೆಂದು ಸಹಿ ಹಾಕಿರಲಿಲ್ಲ. ಎಲ್ಲರೂ ಜಗಳ ಆಗದಿರಲಿ ಎಂದೇ ಹಾಕಿದ್ದರು. ರಂಪಣಿಯ ಒಂದು ಹಗ್ಗ ಎಳೆದರೆ ಊರಿನ ಎಲ್ಲ ಮನೆಯ ಬಲೆಯೂ ಎದ್ದು ಬರುವ ಹಾಗೆ ಎಲ್ಲರೂ ಎದ್ದು ಬಂದರು. ಚೌತಿಯ ಹೊತ್ತಿಗೆ ರಶಿಯಾ ಆಚೆ ಮಗ್ಗಲಿನಿಂದ ಪೋಲೆಂಡಿಗೆ ನುಗ್ಗಿತು. ಒಪ್ಪಂದದ ಹೊಟ್ಟೆಯಲ್ಲಿ ಏನಿತ್ತು ಎಂಬುದು ಆಗ ತಿಳಿಯಿತು. ನಮ್ಮ ದಂಡೆಯಲ್ಲೂ ಆ ಹೊತ್ತಿಗೆ ಬಂಗಡೆ ಬಂದಿತ್ತು. ದೇವಪ್ಪ ಬಡಗಿನಿಂದ, ರಾಮಾ ತೆಂಕಿನಿಂದ ಬಲೆ ಬಿಟ್ಟು ನಡುವೆ ನಮಗೆ ದೋಣಿ ಇಳಿಸಲೂ ಎಡೆ ಉಳಿಸಲಿಲ್ಲ. ಸೋಮು ಮಾವ ಬಲೆಯನ್ನು ಮಡಚಿ ಚಪ್ಪರದಲ್ಲಿ ಇಟ್ಟು, ದಿನವಿಡೀ ಬೀಡಿ ಸೇದುತ್ತ ಕೂತ. ಆಯಿ "ನಾ ಹೇಳಿದ್ನಲ್ಲ" ಎಂದು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅವರ್ಸಾದ ಹಲಗೆಯನ್ನು ಒದ್ದೆ ಬಟ್ಟೆಯಿಂದ ನಾನೇ ಉಜ್ಜಿ ಅಳಿಸಿದೆ. ಬಾಗಿಲಿಗೆ ಬಂದು ನಿಂತ ರೈತನೊಬ್ಬ, "ಮಾಸ್ತರೆ, ಯುದ್ಧ ಆಗೂದಿಲ್ಲ ಅಂದಿದ್ರಿ" ಎಂದ. "ಹೋಗಿ ಗದ್ದೆ ನೋಡ್ಕೊಳ್ಳಿ" ಎಂದು ಅವನ ಮೇಲೆ ರೇಗಿದೆ. ಅವನ ತಪ್ಪೇನಿತ್ತು?

ಅಣ್ಣನ ಸುದ್ದಿಯಿಲ್ಲ. ಅವನು ಇಳಿದನೋ ಹೋದನೋ ಗೊತ್ತಿಲ್ಲ. ಅತ್ತಿಗೆ ದಿನವೂ ತರಿಯ ಕಡೆಯ ದಾರಿ ನೋಡುವಳು. "ಬಾ ಅಂದ್ರೂ ಎಂತಕ್ಕೆ ಬರ್ಲಿಲ್ಲ?" ಎಂದು ನನ್ನನ್ನೇ ಕೇಳುವಳು. ನಾನು "ತಂತಿ ಸಿಗುವಷ್ಟರಲ್ಲಿ ಹಡಗು ಹೊರಟಿರಬೇಕು" ಎನ್ನುತ್ತಿದ್ದೆ. ಹೇಳಿಬಿಡಬೇಕಿತ್ತು. ಪ್ರತಿ ಶನಿವಾರ ಹೊಳೆ ದಾಟುವಾಗ ಇವತ್ತು ಹೇಳುತ್ತೇನೆ ಎಂದುಕೊಳ್ಳುವುದು, ಅವಳ ಹೊಟ್ಟೆ ನೋಡಿ ಸುಮ್ಮನಾಗುವುದು.

ನವರಾತ್ರಿಯಲ್ಲಿ ಗೋವೆಗೆ ಒಣಮೀನು ಒಯ್ಯುವ ಹೆಂಗಸರು ಸುದ್ದಿ ತಂದರು. ಮುರಗಾಂವ ಬಂದರಿನಲ್ಲಿ ಜರ್ಮನಿಯವರ ಹಡಗುಗಳು ಬಂದು ನಿಂತಿವೆ. ಇಂಗ್ಲಿಷರ ಕೈಗೆ ಸಿಕ್ಕದಿರಲೆಂದು ಯುದ್ಧ ಶುರುವಾಗುವ ಮೊದಲೇ ಓಡಿಬಂದು ಪೋರ್ತುಗೀಸರ ನೀರಿನಲ್ಲಿ ಲಂಗರು ಹಾಕಿವೆ. ಒಂದು ಹಡಗಿನ ಕಟಾಂಜನದ ಹತ್ತಿರ ನಮ್ಮ ಕಡೆಯವರು ನಿಂತದ್ದನ್ನು ನೋಡಿದವರಿದ್ದಾರೆ. ಜಗತ್ತಿನ ಯಾವ ಮೂಲೆಯಲ್ಲಿದ್ದಾನೋ ಎಂದು ನಾವು ಅಂದುಕೊಂಡವನು ಮಗ್ಗಲ ಊರಿನಲ್ಲೇ ಇದ್ದ. ನಾನು ಲೆಕ್ಕಕ್ಕಿಲ್ಲ ಎಂದವರ ಅಂಗಳದಲ್ಲಿ.

ಬೇಡವೆಂದರೂ ಕೇಳದೆ ಅತ್ತಿಗೆ ಹೊರಟಳು, ಜೊತೆಗೆ ನಾನೂ ಹೊರಟೆ. ಅವಳು ಏಳು ತಿಂಗಳ ಬಸುರಿ. ಗೋವೆಯ ಗಡಿಯಲ್ಲಿರುವ ಪೋಳೆಯ ನಾಕೆಯವರೆಗೆ ಚಕ್ಕಡಿ, ಅಲ್ಲಿಂದ ಕಾಣಕೋಣ, ಮಡಗಾಂವಿಗೆ ಮೋಟಾರು, ಮುಂದೆ ರೈಲು. ದಾರಿಯುದ್ದಕ್ಕೂ ಮಡಿಲಲ್ಲಿ ಅಣ್ಣನಿಗೆಂದು ಕಟ್ಟಿದ ಸಾರಿಗೆ ಹಾಕುವ ಮುರುಗಲ ಸೋಲೆ, ಒಣಸಿಗಡಿಯ ಗಂಟು ಹಿಡಿದಿದ್ದಳು. ಬಂದರಿನಲ್ಲಿ ನಾನು ಮೂರು ಕಡೆ ಅಲೆದೆ. ಪೋರ್ತುಗೀಸರ ಸಿಪಾಯಿ, ನಾವು ಯಾರ ಪಕ್ಷವೂ ಅಲ್ಲ, ಹಡಗಿನ ಜನ ಕಪ್ತಾನನಿಗೆ ಸೇರಿದವರು, ಅವನನ್ನು ಕೇಳು ಎಂದ. ಕಪ್ತಾನನ ಕಡೆಯವನು ದಂಡೆಗೆ ಬಂದಾಗ ಕೇಳಿದರೆ, ನಿಮ್ಮ ಸರಕಾರಕ್ಕೂ ನಮಗೂ ಯುದ್ಧ, ನಿಮ್ಮವರನ್ನು ಇಳಿಸುವ ಮಾತನ್ನು ನಿಮ್ಮ ಸರಕಾರ ಆಡಲಿ ಎಂದ. ಇಂಗ್ಲಿಷರ ಕಡೆಯ ಗುಮಾಸ್ತ ನನ್ನ ಅರ್ಜಿಯನ್ನು ಓದಿ, ಶತ್ರು ಹಡಗಿನ ಮನುಷ್ಯನ ವಿಚಾರ, ಪೋರ್ತುಗೀಸರನ್ನು ಕೇಳು ಎಂದು ಹಿಂದಕ್ಕೆ ಕೊಟ್ಟ. ಇಂಗ್ಲಿಷರಿಗೂ ಪೋರ್ತುಗೀಸರಿಗೂ ನೂರಾರು ವರ್ಷದ ಸ್ನೇಹವಂತೆ. ಆ ಸ್ನೇಹಕ್ಕೆ ಬೆಂಕಿ ಹಾಕಬೇಕು ಅನ್ನಿಸಿತು. ನಡುವೆ ನಿಂತ ಹೆಂಗಸಿಗೆ ಕೂರಲು ಒಂದು ಕಲ್ಲು ತೋರಿಸಲಿಲ್ಲ ಯಾರೂ.

ಕೊನೆಗೆ ಇನಾಸ ಎಂಬ ಮೀನುಗಾರ ಸಿಕ್ಕ. ತರಕಾರಿ ಮಾರುವ ನೆಪದಲ್ಲಿ ತನ್ನ ಸಣ್ಣ ಹೋಡಿಯನ್ನು ಹಡಗಿನ ಹತ್ತಿರ ಒಯ್ಯುವವನು. ನಮ್ಮ ಗಂಟು ತೆಗೆದುಕೊಂಡು ಹೋದ. ನಾವು ದಂಡೆಯಲ್ಲಿ ನಿಂತು ನೋಡಿದೆವು. ಹಡಗಿನ ಮೇಲೆ ಬೆರಳುದ್ದದ ಮನುಷ್ಯನೊಬ್ಬ ಬಗ್ಗಿ ಹಗ್ಗದಲ್ಲಿ ಗಂಟನ್ನು ಎಳೆದುಕೊಂಡ. "ಅವ್ರೇಯಾ" ಎಂದಳು ಅತ್ತಿಗೆ. ನನಗೆ ಗುರುತು ಹತ್ತಲಿಲ್ಲ, ಅವಳಿಗೆ ಹತ್ತಿತು.

ಇನಾಸ ಹಿಂದೆ ಬಂದ. ಗೋವೆಯ ಕೊಂಕಣಿಯಲ್ಲಿ ಅವನು ಹೇಳಿದ್ದು ಇಷ್ಟು: "ಅವನು ಚೆನ್ನಾಗಿದ್ದಾನೆ. ಹೆಂಡತಿಗೆ ಹೇಳು ಎಂದ. ನೀನೇ ಬರಬೇಡ ಎಂದು ತಾರು ಕಳಿಸಿದೆ, ಅದಕ್ಕೇ ಇಳಿಯಲಿಲ್ಲ. ಈಗ ಇಷ್ಟು ದೂರ ಯಾಕೆ ಬಂದೆ, ಮನೆಗೆ ಹೋಗು ಎಂದ."

ಅತ್ತಿಗೆ ಇನಾಸನ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಅವಳು ಇನಾಸನ ಕಡೆ ತಿರುಗಿ, "ಅಣ್ಣಾ, ಮತ್ತೊಂದ್ಸಲ ಹೋಗು. ಅದು ನಾ ಅಲ್ಲ ಅಂತ ಹೇಳು. ನಾ ಬಾ ಅಂದಿದ್ದೆ ಅಂತ ಹೇಳು" ಎಂದಳು. ಅವನು ಹೋಡಿ ನೂಕಿದ. ಅರ್ಧ ದಾರಿಗೆ ಹೋಗಿರಬೇಕು, ಕಾವಲು ದೋಣಿ ಬಂದು ಅವನನ್ನು ತಿರುಗಿಸಿ ಕಳಿಸಿತು. ಮತ್ತೆ ಆ ಬದಿಗೆ ಸುಳಿದರೆ ಹೋಡಿ ಜಪ್ತಿ ಎಂದರಂತೆ. ಎರಡು ದಿನ ಕಾದೆವು. ಹಡಗು ಅಲ್ಲೇ ಇತ್ತು, ಬೆರಳುದ್ದದ ಜನ ಓಡಾಡುವುದು ಕಾಣುತ್ತಿತ್ತು, ಕೂಗಿದರೆ ಕೇಳುವಷ್ಟು ಹತ್ತಿರವಲ್ಲ.

ಹಿಂದೆ ಬರುವಾಗ ರೈಲಿನಲ್ಲಿ, "ಅತ್ತಿಗೆ, ನಾನು ಒಳ್ಳೇದಕ್ಕೇ ಮಾಡಿದ್ದು" ಎಂದೆ.

"ಗುತ್ತುಂಟು" ಎಂದಳು. "ಎಲ್ಲರೂ ಒಳ್ಳೇದಕ್ಕೇ ಮಾಡ್ತ್ರು."

ದೀಪಾವಳಿಯ ರಜೆಗೆ ಮನೆಗೆ ಹೋದಾಗ ಅವಳು ಪಾಟಿ ತಂದು ನನ್ನ ಮುಂದೆ ಇಟ್ಟಳು. "ಬಾ ಅಂತ ಹ್ಯಾಂಗೆ ಬರ್ಯೂದು, ತೋರ್ಸು" ಎಂದಳು. ನಾನು ಅ ಆ ದಿಂದ ಶುರು ಮಾಡೋಣ ಎಂದೆ. "ನಂಗೆ ಎಲ್ಲಾ ಬ್ಯಾಡಾ. ಅದೊಂದು ಸಾಕು." ಬರೆದು ತೋರಿಸಿದೆ. ಅವಳು ಕಾಲು ಚಾಚಿ ಕೂತು, ಹೊಟ್ಟೆಯ ಮೇಲೆ ಪಾಟಿ ಇಟ್ಟುಕೊಂಡು ಮಧ್ಯಾಹ್ನವಿಡೀ ಅದೊಂದನ್ನೇ ತಿದ್ದಿದಳು. ಸಂಜೆಗೆ ಒಂದು ಚೀಟಿಯ ಮೇಲೆ ಬರೆದು, ಮಡಚಿ, ನನ್ನ ಕೈಗೆ ಕೊಡದೆ ಒಣಮೀನಿನ ಹೆಂಗಸರ ಕೈಗೆ ಕೊಟ್ಟಳು. ಇನಾಸ ಹೇಗಾದರೂ ಮುಟ್ಟಿಸಲಿ ಎಂದು.

ಹದಿನೈದು ದಿನಕ್ಕೆ ಚೀಟಿ ಹಿಂದೆ ಬಂತು, ಮಡಚಿದ್ದು ಮಡಚಿದ ಹಾಗೇ. ಆ ಹಡಗಿನಿಂದ ನಮ್ಮ ಜನರನ್ನು ಇಳಿಸಿ ಆಗಿತ್ತು. ಉಳಿದ ಹಡಗಿನವರಿಗೆ ಏನಾಯಿತೋ ನನಗೆ ತಿಳಿಯದು. ಈ ಹಡಗಿನವರಿಗೆ ಯಾರೋ ಬಂದು, ಇಂಗ್ಲಿಷರ ಹಡಗಿಗೆ ಕೈ ಬೇಕಾಗಿದೆ, ಅಲ್ಲಿ ಹೆಸರು ಬರೆಸುವವರು ಇಳಿಯಬಹುದು ಎಂದಿದ್ದರಂತೆ. ಅಣ್ಣ ಬರೆಸಿದ. ಮನೆಯಲ್ಲಿ ಬರಬೇಡ ಎಂದವರೇ ಇರುವಾಗ ಅವನಾದರೂ ಏನು ಮಾಡಬೇಕಿತ್ತು? ಅವರನ್ನು ಒಯ್ದ ಹಡಗು ನಮ್ಮ ದಂಡೆಯ ಆಚೆಯಿಂದಲೇ ಮುಂಬಯಿಗೆ ಹೋಗಿರಬಹುದು ಎಂದು ಸೋಮು ಮಾವ ಹೇಳಿದ. ಗೋವೆಯಿಂದ ಮುಂಬಯಿ ಬಡಗಿಗೆ, ನಾವು ತೆಂಕಿಗೆ, ಹಾಗಾಗಲಾರದು ಎಂದು ನನಗೆ ಗೊತ್ತಿತ್ತು. ಆದರೂ ಅತ್ತಿಗೆ ಆ ಮಾತು ಕೇಳಿ ದಂಡೆಗೆ ಹೋಗಿ ನಿಂತಾಗ ಭೂಗೋಳ ಹೇಳಲು ನನಗೆ ಬಾಯಿ ಬರಲಿಲ್ಲ.

ನಾನು ಅಣ್ಣನಿಗೆ ನಾಲ್ಕು ಕಾಗದ ಬರೆದೆ, ತಂತಿ ಕೊಟ್ಟವನು ನಾನು, ಅತ್ತಿಗೆ ಅಲ್ಲ ಎಂದು. ಅವನಿಂದ ಒಂದೇ ಒಂದು ಕಾರ್ಡು ಬಂತು. ಕ್ಷೇಮವಾಗಿದ್ದೇನೆ, ಬಸುರಿಯನ್ನು ಚೆನ್ನಾಗಿ ನೋಡಿಕೊಳ್ಳಿ ಎಂದಿತ್ತು. ನನ್ನ ಕಾಗದ ಮುಟ್ಟಿದ ಸುಳಿವು ಅದರಲ್ಲಿರಲಿಲ್ಲ. ವಿಠ್ಠಲ ಹುಟ್ಟಿದ. ಯುದ್ಧದ ಎರಡನೇ ವರ್ಷ, ಅವನು ಸೇರಿದ್ದ ಇಂಗ್ಲಿಷರ ಹಡಗು ಮುಳುಗಿತೆಂದೂ ಪಾಂಡು ಎಂಬವನು ಸಿಕ್ಕಿಲ್ಲವೆಂದೂ ಅಚ್ಚು ಹಾಕಿದ ಇಂಗ್ಲಿಷ್ ಕಾಗದ ಬಂತು. ಮುಳುಗಿಸಿದವರು ಜರ್ಮನಿಯವರು. ಅವರ ಹಡಗಿನಲ್ಲೇ ಉಳಿದಿದ್ದರೆ ಬದುಕುತ್ತಿದ್ದನೇ, ಮುಂಬಯಿಯಲ್ಲೇ ಇಳಿದಿದ್ದರೆ ಸೋಮು ಮಾವನ ಜೊತೆ ಬೀಡಿ ಸೇದುತ್ತ ಕೂತಿರುತ್ತಿದ್ದನೇ, ಇದನ್ನೆಲ್ಲ ನಾನು ಸುತ್ತು ಹಾಕಿ ಗೆರೆ ಎಳೆದು ಎಷ್ಟು ಸಲ ನೋಡಿದ್ದೇನೋ. ಅಷ್ಟರಲ್ಲಿ ರಶಿಯಾದ ಮೇಲೂ ಜರ್ಮನಿ ಬಿದ್ದು ಅವರ ರಾಜಿಯ ಕಥೆಯೂ ಮುಗಿದಿತ್ತು. ದೇವಪ್ಪ, ರಾಮಾ ತಾಂಡೇಲರೂ ನಮ್ಮ ಜಾಗವನ್ನು ಹಂಚಿಕೊಳ್ಳುವುದರಲ್ಲೇ ಮತ್ತೆ ಮಾತು ಬಿಟ್ಟಿದ್ದರು.

ಮೊನ್ನೆಯ ದಂಡೆಗೆ ಬರುತ್ತೇನೆ. ಕುಂಚದಿಂದ ಬಿಳಿ ಬಣ್ಣ ನನ್ನ ಧೋತರದ ಮೇಲೆ ತೊಟ್ಟಿಕ್ಕುತ್ತಿತ್ತು. "ಮತ್ತೆ ಯಾರು ಬರ್ಯೂದು ಆಯಿ?" ಎಂದು ವಿಠ್ಠಲ ಕೇಳಿದ.

ಅತ್ತಿಗೆ ಬಲೆ ಬದಿಗಿಟ್ಟಳು. ಮೊಣಕಾಲ ಮೇಲೆ ಕೈಯೂರಿ ಎದ್ದು ಬಂದು ನನ್ನ ಕೈಯಿಂದ ಕುಂಚ ತೆಗೆದುಕೊಂಡಳು. ದೋಣಿಯ ಮೂತಿಗೆ ಎಡಗೈ ಊರಿ, ಮೂವತ್ತು ವರ್ಷದ ಹಿಂದೆ ಪಾಟಿಯ ಮೇಲೆ ತಿದ್ದಿದ್ದನ್ನೇ ದೊಡ್ಡದಾಗಿ, ನಿಧಾನವಾಗಿ ಬರೆಯತೊಡಗಿದಳು.

ವಿಠ್ಠಲ ಓದಿ ನಕ್ಕ. "ಕಡಲಿಗೆ ಹೋಗೂ ದೋಣಿಗೆ ಬಾ ಅಂತ ಬರೀತ್ರಾ ಯಾರಾದ್ರೂ?"

"ಹೋಗೂಕೆ ಯಾರೂ ಹೇಳ್ಬೇಕಂತಿಲ್ಲ" ಎಂದಳು ಅವಳು.

ಕುಂಚದ ಬಣ್ಣ ಮುಗಿದು ಗೆರೆ ಒಣಗಿತು. ಅವಳು ತಿರುಗಿ ನೋಡಿದಳು. ಬೆನ್ನು ಬಗ್ಗಿದ ಹೆಂಗಸು, ಅದ್ದಿಕೊಳ್ಳಲು ಕೈಗೆ ಎಟುಕಲಿ ಎಂದು ನಾನು ಡಬ್ಬಿಯನ್ನು ಸ್ವಲ್ಪ ಕೆಳಗೆ ಹಿಡಿದೆ.